ವಿಮಾನದ ಟೈರ್‌ಗೆ ನಾಲ್ಕು ಫೋಟೋ ಯಾಕೆ?

ನಮಸ್ಕಾರ. ಲಾರಿ ಟೈರ್‌ಗೆ ರೀಸೋಲ್ ಹಾಕಿಸುವುದು ನಮಗೆಲ್ಲ ಗೊತ್ತು. ವಿಮಾನದ ಟೈರ್‌ಗೂ ಹಾಕುತ್ತಾರೆ, ಅದೂ ಹಲವು ಸಲ! ಆದರೆ ಒಳಗಿನ ಪದರ ಎಲ್ಲಾದರೂ ಬಿಟ್ಟುಕೊಂಡಿದ್ದರೆ? ಕತ್ತರಿಸಿ ನೋಡಿದರೆ ಟೈರೇ ಹೋಯಿತು.

ಅದಕ್ಕೇ ಶಿಯರೋಗ್ರಫಿ. ಟೈರನ್ನು ದೊಡ್ಡ ಪೆಟ್ಟಿಗೆಯಲ್ಲಿಟ್ಟು, ಲೇಸರ್ ಬೆಳಕು ಚೆಲ್ಲಿ ಚಿತ್ರ ತೆಗೆಯುತ್ತಾರೆ. ಪೆಟ್ಟಿಗೆಯ ಗಾಳಿ ಸ್ವಲ್ಪ ಎಳೆದು ಮತ್ತೆ ತೆಗೆಯುತ್ತಾರೆ. ಪದರದ ನಡುವೆ ಸಿಕ್ಕಿಕೊಂಡ ಗಾಳಿ ಪೂರಿಯ ಹಾಗೆ ಉಬ್ಬುತ್ತದೆ. ಆದರೆ ಈ ಪೂರಿಯ ಉಬ್ಬು ಮೈಕ್ರಾನ್ ಲೆಕ್ಕದ್ದು.

ಉಬ್ಬಿದಲ್ಲಿ ಬೆಳಕು ಸಾಗುವ ದಾರಿ ಚೂರು ಬದಲಾಗುತ್ತದೆ, ಅದನ್ನು ಅಳೆಯಲು ಬೆಳಕಿನ ಫೇಸ್ ಬೇಕು. ಫೇಸ್ ಅಂದರೆ ಮುಖ ಅಲ್ಲ, ಅಲೆ ತನ್ನ ಏರಿಳಿತದಲ್ಲಿ ಈಗ ಎಲ್ಲಿದೆ ಅನ್ನುವುದು. ಕೆಂಪು ಲೇಸರ್‌ನ ಅಲೆ ಸೆಕೆಂಡಿಗೆ ಸುಮಾರು 474 ಲಕ್ಷ ಕೋಟಿ ಸಲ ಏರಿಳಿಯುತ್ತದೆ. ಪಾಪ, ಕ್ಯಾಮೆರಾಗೆ ಗೊತ್ತಾಗುವುದು ಎಷ್ಟು ಬೆಳಕು ಅಂತ ಮಾತ್ರ.

[ಜೋಕಾಲಿಯ ಚಿತ್ರ]

ಒಬ್ಬರು ಕಾಮೆಂಟಿನಲ್ಲಿ ಕೇಳಿದ್ದರು: ಒಂದು ಫೋಟೋ ಸಾಲದಾ? ಪಂಚಮಿ ಜೋಕಾಲಿ ನೆನಪಿಸಿಕೊಳ್ಳಿ. ಜೋಕಾಲಿ ನಟ್ಟನಡುವೆ ಇರುವಾಗ ಫೋಟೋ ಹೊಡೆದಿರಿ. ಅದು ಮುಂದೆ ಹೋಗುತ್ತಿತ್ತಾ, ಹಿಂದೆ ಬರುತ್ತಿತ್ತಾ? ಹೇಳಲಾಗದು ಅಲ್ವಾ? ಕಾಲು ಸುತ್ತಿಗೊಂದರಂತೆ ನಾಲ್ಕು ಫೋಟೋ ಇದ್ದರೆ ಗೊತ್ತಾಗಿಬಿಡುತ್ತದೆ.

ಬೆಳಕಿಗಾಗಿ ಅಷ್ಟು ಬೇಗ ಕ್ಲಿಕ್ ಮಾಡಲಾಗದು. ಹಾಗಾಗಿ ಉಪಕರಣದೊಳಗಿನ ಕನ್ನಡಿಯನ್ನೇ ಸರಿಸುತ್ತಾರೆ. ಎಷ್ಟು? ಪ್ರತಿ ಸಲ 79 ನ್ಯಾನೋಮೀಟರ್, ಕೂದಲ ದಪ್ಪದ ಸುಮಾರು ಸಾವಿರದಲ್ಲಿ ಒಂದು ಪಾಲು! ಬೆಳಕು ಹೋಗಿ ಬರುವುದರಿಂದ ಅದು ದುಪ್ಪಟ್ಟಾಗಿ ಕಾಲು ಅಲೆಯಾಗುತ್ತದೆ. ಸರಿಸುವುದು ಪೀಜೋ. ನಿಮ್ಮ ಗ್ಯಾಸ್ ಲೈಟರ್‌ನಲ್ಲಿರುವ ಜಾತಿಯೇ. ಅಲ್ಲಿ ಒತ್ತಿದರೆ ಕಿಡಿ, ಇಲ್ಲಿ ವೋಲ್ಟೇಜ್ ಕೊಟ್ಟರೆ ಚೂರೇ ಚೂರು ಹಿಗ್ಗುತ್ತದೆ. ನನಗಂತೂ ಇದೇ ಇಡೀ ವಿಷಯದ ಹೀರೋ.

ಈಗ ಪ್ರತಿ ಚುಕ್ಕೆಯಲ್ಲೂ ನಾಲ್ಕನೆಯ ಫೋಟೋದ ಬೆಳಕಿನಿಂದ ಎರಡನೆಯದರದ್ದನ್ನು ಕಳೆಯಿರಿ, ಒಂದನೆಯದರಿಂದ ಮೂರನೆಯದನ್ನು. ಮೊದಲ ಉತ್ತರವನ್ನು ಎರಡನೆಯದರಿಂದ ಭಾಗಿಸಿ ಆರ್ಕ್‌ಟ್ಯಾನ್ (ಟ್ಯಾನ್ ಬೆಲೆಯಿಂದ ಕೋನ ಹುಡುಕುವ ಲೆಕ್ಕ) ಹಾಕಿದರೆ ಫೇಸ್ ಸಿಕ್ಕಿತು. ರಬ್ಬರ್ ಕಪ್ಪೋ, ಬೆಳಕು ಮಂಕೋ, ಎಲ್ಲ ಲೆಕ್ಕದಲ್ಲೇ ಹೊಡೆದುಹೋಗುತ್ತದೆ. ಗಾಳಿ ಎಳೆದ ಮೇಲೂ ನಾಲ್ಕು ತೆಗೆದು, ಎರಡು ಫೇಸ್‌ಗಳನ್ನು ಕಳೆಯಬೇಕು.

ಟೈಮ್ ಆಯ್ತು, ಉಳಿದದ್ದು ಬೇಗ ಬೇಗ. ಚಿತ್ರದ ತುಂಬ ರವೆ ಚೆಲ್ಲಿದಂಥ ಚುಕ್ಕೆಗಳು, ಅವನ್ನು ಸೋಸಬೇಕು. ಸ್ಕೂಟರ್ ಮೀಟರಿನಲ್ಲಿ 9 ಆದ ಮೇಲೆ 0 ಬರುವಂತೆ ಫೇಸ್ 360 ಡಿಗ್ರಿ ಮುಟ್ಟಿದ ಕೂಡಲೇ 0ಗೆ ಬೀಳುತ್ತದೆ. ಬಿದ್ದಲ್ಲೆಲ್ಲ 360 ಸೇರಿಸುತ್ತಾ ಹೋಗುವುದೇ ಅನ್‌ರ್ಯಾಪಿಂಗ್. ಕೊನೆಗೆ ಸಿಗುವುದು ಉಬ್ಬಿನ ಎತ್ತರ ಅಲ್ಲ, ಅದರ ಇಳಿಜಾರು. ಒಂದು ಕಡೆ ಏರು, ಇನ್ನೊಂದು ಕಡೆ ಇಳಿ. ಅದಕ್ಕೇ ಪರದೆಯ ಮೇಲೆ ಚಿಟ್ಟೆ ಕೂತ ಹಾಗೆ ಕಾಣುತ್ತದೆ. ಪದರ ಬಿಟ್ಟಿರುವುದು ಆ ಎರಡು ರೆಕ್ಕೆಗಳ ನಡುವೆ.