ಕೈಗೆ ಎಲ್ಲ ಗೊತ್ತುಂಟಾ?

ನಮಸ್ಕಾರ. ಇವತ್ತು ಕ್ಯಾಮೆರಾ ಮೇಜಿನ ಕಡೆ ತಿರುಗಿಸಿದ್ದೇನೆ. ನೋಡಿ, ಎರಡು ಒಂದು ರೂಪಾಯಿ ನಾಣ್ಯ. ಒಂದರ ಸುತ್ತ ಐದು ದೊಡ್ಡ ಡಬ್ಬಿ ಮುಚ್ಚಳ ಇಟ್ಟಿದ್ದೇನೆ. ಇನ್ನೊಂದರ ಸುತ್ತ ಕಡಲೆಬೇಳೆ. ಮುಚ್ಚಳಗಳ ನಡುವಿನ ನಾಣ್ಯ ಸಣ್ಣದಾಗಿ, ಬೇಳೆ ನಡುವಿನದು ದೊಡ್ಡದಾಗಿ ಕಾಣುತ್ತದೆ, ಅಲ್ವಾ? ಎರಡೂ ಒಂದೇ ಅಳತೆ ಅಂತ ಗೊತ್ತಿದ್ದರೂ ಹಾಗೇ ಕಾಣುತ್ತದೆ. ಈ ಕಣ್ಣಿನ ಮೋಸಕ್ಕೆ ಜರ್ಮನಿಯ ಮನೋವಿಜ್ಞಾನಿ ಎಬ್ಬಿಂಗ್‌ಹೌಸ್ ಅವರ ಹೆಸರಿದೆ.

ನಾನು ಇದನ್ನು ಮೊದಲು ತೋರಿಸಿದ್ದು ನಮ್ಮ ಮಾವನಿಗೆ. ಉಡುಪಿ ಕಡೆಯಿಂದ ಮುಂಬೈಗೆ ಬಂದು, ಮಾಟುಂಗಾದ ಒಂದು ಹೋಟೆಲ್‌ನಲ್ಲಿ 30 ವರ್ಷ ಸಪ್ಲೈಯರ್ ಆಗಿದ್ದವರು. ಒಂದೇ ಕೈಯಲ್ಲಿ ನಾಲ್ಕು ಕಾಫಿ ಲೋಟ ಎತ್ತುತ್ತಿದ್ದರು, ಮುಖ ಗಿರಾಕಿ ಕಡೆಗೇ ಇರುತ್ತಿತ್ತು. ನಾಣ್ಯ ನೋಡಿ ಅವರು ಹೇಳಿದ್ದು ಇಷ್ಟೇ: "ಕಣ್ಣಿಗೆ ಮೋಸ ಆಗ್ತದೆ ಮಾರಾಯ. ಕೈಗೆ ಗೊತ್ತುಂಟು."

1995ರಲ್ಲಿ ಮೆದುಳಿನ ಸಂಶೋಧಕರಾದ ಅಲ್ಯೋಟಿ, ಗುಡೇಲ್ ಮತ್ತು ಸಂಗಡಿಗರು ಹೇಳಿದ್ದೂ ಹೆಚ್ಚುಕಮ್ಮಿ ಇದನ್ನೇ. ನಾವು ಏನನ್ನಾದರೂ ಹಿಡಿಯಲು ಕೈ ಚಾಚಿದಾಗ, ಮುಟ್ಟುವ ಮೊದಲೇ ಹೆಬ್ಬೆರಳು ಮತ್ತು ತೋರುಬೆರಳು ಅಗಲವಾಗುತ್ತವೆ. ವಸ್ತು ದೊಡ್ಡದಾದಷ್ಟೂ ಜಾಸ್ತಿ. ನಾಣ್ಯದಂಥ ಬಿಲ್ಲೆಗಳನ್ನು ಹೀಗೇ ವೃತ್ತಗಳ ನಡುವೆ ಇಟ್ಟು, ಅವರು ಆ ಬೆರಳಿನ ಅಂತರ ಅಳೆದರು. ಕಣ್ಣು ಪೂರ್ತಿ ಮೋಸ ಹೋಗಿತ್ತು, ಬೆರಳು ಮಾತ್ರ ಬಹುಮಟ್ಟಿಗೆ ನಿಜವಾದ ಅಳತೆಗೇ ತೆರೆದುಕೊಂಡಿತ್ತು. ನೋಡಿ ತಿಳಿಯುವುದಕ್ಕೆ ಮೆದುಳಲ್ಲಿ ಒಂದು ದಾರಿ, ನೋಡಿ ಹಿಡಿಯುವುದಕ್ಕೆ ಇನ್ನೊಂದು ದಾರಿ ಅಂತ ಗುಡೇಲ್ ಮತ್ತು ಮಿಲ್ನರ್ 1992ರಲ್ಲೇ ಹೇಳಿದ್ದರು. ಅದಕ್ಕೆ ಇದು ಸರಿಯಾಗಿ ಕೂತಿತು.

ನಾನೂ ಇದನ್ನು ನಂಬಿ ಹತ್ತಾರು ಜನರಿಗೆ ಹೇಳಿದ್ದೇನೆ. ಈಗ ಹಾಗೆ ಹೇಳಲಾರೆ. ಯಾಕೆ ಅಂದರೆ, ಆ ಪ್ರಯೋಗದಲ್ಲಿ ಕಣ್ಣಿಗೂ ಕೈಗೂ ಕೇಳಿದ ಪ್ರಶ್ನೆ ಒಂದೇ ಅಲ್ಲ. ಕಣ್ಣು ಎರಡೂ ಬಿಲ್ಲೆಗಳನ್ನು ಒಟ್ಟಿಗೆ ಹೋಲಿಸಬೇಕಿತ್ತು. ಒಂದು ದೊಡ್ಡದಾಗಿ, ಇನ್ನೊಂದು ಸಣ್ಣದಾಗಿ ಕಂಡು ಮೋಸ ಎರಡೂ ಕಡೆಯಿಂದ ಸೇರುತ್ತದೆ. ಕೈ ಹಿಡಿಯುವುದು ಒಂದನ್ನೇ. 2000ದಲ್ಲಿ ಫ್ರಾನ್ಜ್ ಮತ್ತು ಸಂಗಡಿಗರು ಕಣ್ಣಿಗೂ ಒಂದೊಂದನ್ನೇ ತೋರಿಸಿ ಕೇಳಿದರು. ಆಗ ಕಣ್ಣಿನ ಮೋಸವೂ ಬೆರಳಿನ ಮೋಸವೂ ಹೆಚ್ಚುಕಮ್ಮಿ ಒಂದೇ ಆಯಿತು. 2016ರಲ್ಲಿ ಹಲವು ಲ್ಯಾಬ್‌ಗಳು ಸೇರಿ 144 ಜನರ ಮೇಲೆ ಮಾಡಿದಾಗಲೂ ಕೈ ಮೋಸ ಹೋಯಿತು.

ಗುಡೇಲ್ ಕಡೆಯವರದೂ ಒಂದು ವಾದವಿದೆ. ಸುತ್ತ ಇರುವ ವಸ್ತುಗಳಿಗೆ ತಗಲದಂತೆ ಬೆರಳು ಹುಷಾರಾಗುತ್ತದೆ, ಅದನ್ನು ಮೋಸ ಅನ್ನಬೇಡಿ ಅಂತ. ಇದು ಸುಮ್ನೆ ತಳ್ಳಿಹಾಕುವ ಮಾತಲ್ಲ. ನಾನೂ ಮೊದಲು ಮುಚ್ಚಳದ ಬದಲು ಲೋಟ ಇಟ್ಟಿದ್ದೆ, ಬೆರಳು ಪ್ರತಿ ಸಲ ಲೋಟ ತಪ್ಪಿಸಿಕೊಂಡೇ ಇಳಿಯುತ್ತಿತ್ತು. ವಾದ ಇನ್ನೂ ಮುಗಿದಿಲ್ಲ.

ಹಾಗಂತ ಎರಡು ದಾರಿಯ ಮಾತೇ ಸುಳ್ಳು ಅಂತ ನಾನು ಹೇಳುತ್ತಿಲ್ಲ. 1988ರಲ್ಲಿ ಒಬ್ಬ ಹೆಂಗಸಿಗೆ ಸ್ನಾನ ಮಾಡುವಾಗ ಗ್ಯಾಸ್ ಹೀಟರ್‌ನಿಂದ ಬಂದ ಕಾರ್ಬನ್ ಮೊನಾಕ್ಸೈಡ್ ತಗಲಿ ಮೆದುಳಿಗೆ ಪೆಟ್ಟಾಯಿತು. ಬಣ್ಣ ಕಾಣುತ್ತಿತ್ತು, ಆಕಾರ ತಿಳಿಯುತ್ತಿರಲಿಲ್ಲ. ಟಪಾಲು ಡಬ್ಬಿಯಂಥ ಒಂದು ಸೀಳು ಮುಂದಿಟ್ಟು, ಇದು ಅಡ್ಡ ಇದೆಯಾ ಉದ್ದ ಇದೆಯಾ ಅಂದರೆ ತೋರಿಸಲಾಗುತ್ತಿರಲಿಲ್ಲ. ಕೈಗೆ ಕಾರ್ಡ್ ಕೊಟ್ಟು ಒಳಗೆ ಹಾಕಿ ಅಂದರೆ, ಕೈ ಹೋಗುವ ದಾರಿಯಲ್ಲೇ ಕಾರ್ಡ್ ಸರಿಯಾಗಿ ತಿರುಗಿ ಒಳಗೆ ಹೋಗುತ್ತಿತ್ತು. ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. (ಮುಂಬೈ ಫ್ಲಾಟ್‌ಗಳಲ್ಲಿ ಗ್ಯಾಸ್ ಗೀಸರ್ ಇಟ್ಟುಕೊಂಡವರೇ, ದಯವಿಟ್ಟು ಅದನ್ನು ಬಚ್ಚಲುಮನೆಯ ಹೊರಗೆ, ಗಾಳಿಯಾಡುವ ಕಡೆ ಹಾಕಿಸಿ.)

ಪೆಟ್ಟು ಬಿದ್ದ ಮೆದುಳು ಒಂದು ಹೇಳುತ್ತದೆ. ನಾಣ್ಯದ ಆಟ ಇನ್ನೊಂದು ಹೇಳುತ್ತದೆ. ಎರಡನ್ನೂ ಒಂದೇ ವಾಕ್ಯದಲ್ಲಿ ಕಟ್ಟಿ "ಕಣ್ಣು ಸೋಲುತ್ತದೆ, ಕೈ ಗೆಲ್ಲುತ್ತದೆ" ಅಂದುಬಿಡುವುದು ನನಗೆ ಒಪ್ಪಿಗೆಯಿಲ್ಲ. ಕೇಳಲು ಚೆನ್ನಾಗಿದೆ ಅಂತ ವಿಜ್ಞಾನವನ್ನು ಅಷ್ಟು ಸಣ್ಣದು ಮಾಡಬಾರದು.

ಮೊನ್ನೆ ಇದನ್ನೆಲ್ಲ ಮಾವನ ಮುಂದೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಒಂದು ಹಳೇ ಕತೆ ತೆಗೆದರು. ಅವರ ಹೋಟೆಲಿಗೆ ಒಮ್ಮೆ ಹೊಸ ಲೋಟ ಬಂದವಂತೆ, ಮೊದಲಿನದಕ್ಕಿಂತ ಕೂದಲೆಳೆಯಷ್ಟು ಕಿರಿದು. ನೋಡಿದರೆ ವ್ಯತ್ಯಾಸವೇ ತಿಳಿಯದು. ಆ ದಿನ ಬೆಳಗ್ಗೆ ನಾಲ್ಕು ಲೋಟ ಎತ್ತಿದರು, ಒಂದು ಜಾರಿತು. ಮಧ್ಯಾಹ್ನ ಇನ್ನೊಂದು. ಮೂರನೇ ದಿನದ ಹೊತ್ತಿಗೆ ಸರಿಹೋಯಿತು.

"ಕೈಗೆ ಗೊತ್ತುಂಟು ಅಂದಿದ್ರಲ್ಲ ಮಾವ?" ಅಂತ ಕೇಳಿದೆ.

"ಹಳೇ ಲೋಟ ಗೊತ್ತಿತ್ತು" ಅಂದರು.