ಮೊದಲ ಕಾಗದದಲ್ಲಿ ಕಣ್ಣಿನ ಮಾತಿರಲಿ

ಕೇಳುಗರೆಲ್ಲರಿಗೂ ನಮಸ್ಕಾರ. ನಾನು ಜಮಖಂಡಿಯಲ್ಲಿ ವಕೀಲ. ಅಪಘಾತ ಪರಿಹಾರದ ಕೇಸುಗಳೇ ನನ್ನ ಕಡೆ ಜಾಸ್ತಿ. ಅಪಘಾತದಲ್ಲಿ ಕಣ್ಣು ಕಳಕೊಂಡವರು ಪರಿಹಾರ ಪಡೆಯೋದು ಹೇಗೆ ಅಂತ ಹತ್ತು ನಿಮಿಷ ಮಾತಾಡಿ ಎಂದು ರೇಡಿಯೊ ಕೇಂದ್ರದವರು ಕರೆದಿದ್ದಾರೆ. ನಿಜ ಹೇಳಬೇಕೆಂದರೆ ನನ್ನ ಹತ್ತಿರ ಇರೋದು ಒಂದೇ ಮಾತು. ಆಸ್ಪತ್ರೆಯಲ್ಲಿ ಬರೆಯುವ ಮೊದಲ ಕಾಗದದಲ್ಲಿ ‘ಕಣ್ಣು’ ಅಂತ ಇರಬೇಕು. ಉಳಿದದ್ದನ್ನು ವಕೀಲರು ನೋಡಿಕೊಳ್ಳುತ್ತಾರೆ. ಇದೊಂದನ್ನು ಮಾತ್ರ ನೀವೇ ಬರೆಸಬೇಕು.

ಬನಹಟ್ಟಿ ಕಡೆಯ ಒಬ್ಬ ನೇಕಾರನ ಕಥೆ ಹೇಳುತ್ತೇನೆ. ಹೆಸರು ಬೇಡ. ವಯಸ್ಸು 34. ಕಬ್ಬಿನ ಸೀಸನ್ನು. ಆ ಹೊತ್ತಿಗೆ ನಮ್ಮ ರಸ್ತೆಗಳು ಹೇಗಿರುತ್ತವೆ, ನಿಮಗೆ ಗೊತ್ತೇ ಇದೆ. ಒಂದು ಟ್ರ್ಯಾಕ್ಟರ್, ಅದರ ಹಿಂದೆ ಎರಡು ಟ್ರೇಲರ್, ಹಿಂದುಗಡೆ ಒಂದು ದೀಪ ಇಲ್ಲ. ಸಂಜೆ ಏಳರ ಹೊತ್ತಿಗೆ ಈತ ಬೈಕಿನಲ್ಲಿ ಬರುತ್ತಿದ್ದ. ಎದುರಿನ ಲಾರಿ ಬೆಳಕಿಗೆ ಕಣ್ಣು ಕೋರೈಸಿತು. ಮುಂದೆ ನಿಂತಿದ್ದ ಟ್ರೇಲರ್ ಕಾಣಲಿಲ್ಲ. ಹೋಗಿ ಬಡಿದ.

ಎಡಗಡೆಯ ಕಾಲರ್ ಎಲುಬು ಮುರಿಯಿತು. ಎಡ ಹುಬ್ಬಿನ ಮೇಲೆ ಒಡೆದು ಹೊಲಿಗೆ ಬಿದ್ದವು. ಕಣ್ಣು ಊದಿ ಮುಚ್ಚಿತ್ತು. ಡಾಕ್ಟರು ಮೊದಲು ಜೀವ ನೋಡಿದರು, ಆಮೇಲೆ ಎಲುಬು ನೋಡಿದರು. ಅದು ಸರಿಯೇ. ಗಾಯದ ಸರ್ಟಿಫಿಕೇಟಿನಲ್ಲಿ, ನಾನು ಹೇಳಿದ ಮೊದಲ ಕಾಗದ ಅದೇ, ಎರಡೇ ಗಾಯ ಬರೆದರು. ಎಲುಬು ಒಂದು, ಹುಬ್ಬು ಒಂದು. ಕಣ್ಣಿನ ಸುದ್ದಿಯೇ ಇಲ್ಲ. ಬಾವು ಇಳಿದರೆ ಕಾಣುತ್ತದೆ ಅಂತ ಮನೆಯವರೂ ಸುಮ್ನಾದರು. ಐದು ದಿನಕ್ಕೆ ಮನೆಗೆ ಕಳಿಸಿದರು.

ಒಂದೂವರೆ ತಿಂಗಳು ಆದ ಮೇಲೆ ಈತ ಮಗ್ಗಕ್ಕೆ ಕೂತ. ಎಳೆ ಕಡಿಯಿತು. ಗಂಟು ಹಾಕಲು ಹೋದರೆ ಕೈ ಎಳೆಯ ಪಕ್ಕಕ್ಕೆ ಹೋಗುತ್ತದೆ. ಇನ್ನೊಮ್ಮೆ ಹೋದರೆ ಇನ್ನೊಂದು ಪಕ್ಕಕ್ಕೆ. ಹೆಗಲಿನ ನೋವಿಗೆ ಕೈ ನಡುಗುತ್ತಿದೆ ಅಂದುಕೊಂಡ. ಹೆಂಡತಿ ಮಾತ್ರ ಜಾಣೆ. ‘ಬಲಗಣ್ಣು ಮುಚ್ಚಿಕೊಂಡು ಆ ಕ್ಯಾಲೆಂಡರ್ ಓದ್ರಿ ನೋಡೋಣ’ ಅಂದಳು. ಈತ ಬಲಗಣ್ಣು ಮುಚ್ಚಿದ. ‘ಕ್ಯಾಲೆಂಡರ್ ಎಲ್ಲಿ ಐತಿ?’ ಅಂತ ಕೇಳಿದ.

ಒಂದೂವರೆ ತಿಂಗಳು ಒಂದು ಕಣ್ಣು ಕಾಣುತ್ತಿಲ್ಲ ಅನ್ನೋದು ಅವನಿಗೇ ತಿಳಿದಿರಲಿಲ್ಲ. ಇದು ಅಪರೂಪ ಅಂದುಕೊಳ್ಳಬೇಡಿ. ಎರಡೂ ಕಣ್ಣು ತೆರೆದಿದ್ದಾಗ ಒಳ್ಳೆಯ ಕಣ್ಣೇ ಇಡೀ ಮನೆ ನಡೆಸುತ್ತದೆ. ಕೆಟ್ಟ ಕಣ್ಣಿನ ಲೆಕ್ಕ ಯಾರೂ ಕೇಳೋದಿಲ್ಲ. ಹುಬ್ಬಿಗೆ ಜೋರಾಗಿ ಪೆಟ್ಟು ಬಿದ್ದರೆ ಕಣ್ಣಿನ ಹಿಂದಿನ ನರ ಹೋಗಬಹುದು, ಹೊರಗಿನಿಂದ ನೋಡಿದವರಿಗೆ ಕಣ್ಣು ಚೆನ್ನಾಗಿಯೇ ಇದೆ ಅನ್ನಿಸುತ್ತದೆ. ಈತನಿಗೆ ಆಗಿದ್ದು ಅದೇ. ಕೆಲವರಿಗೆ ಒಳಗಿನ ಪರದೆ, ರೆಟಿನಾ ಅಂತಾರಲ್ಲ, ಅದು ವಾರಗಳ ನಂತರ ಕಳಚುತ್ತದೆ. ಕೆಲವರಿಗೆ ಪೆಟ್ಟಿನಿಂದ ಪೊರೆ ಬರುತ್ತದೆ, ಅದಕ್ಕೆ ತಿಂಗಳುಗಳೇ ಹಿಡಿಯಬಹುದು. ಆಗ ಇನ್ಶೂರೆನ್ಸ್ ಕಂಪನಿ ವಕೀಲರು ಎದ್ದು ನಿಂತು ‘ಇದು ವಯಸ್ಸಿಗೆ ಬಂದ ಪೊರೆ’ ಅಂತಾರೆ. ಅವರ ಕೆಲಸವೇ ಅದು, ಬಿಡಿ.

ನಮ್ಮ ನೇಕಾರನಿಗೆ ಅವರು ಕೇಳಿದ್ದು ಇನ್ನೂ ಚಂದ. ‘ಗಾಯದ ಸರ್ಟಿಫಿಕೇಟಿನಲ್ಲಿ ಕಣ್ಣು ಎಲ್ಲಿದೆ? ಮಗ್ಗದ ಲಾಳಿ ಹಾರಿ ಬಡಿದಿರಬಹುದಲ್ಲ?’ ಕೋರ್ಟ್ ಹಾಲಿನಲ್ಲಿ ನಾನೂ ಒಂದು ಕ್ಷಣ ತೆಪ್ಪಗಾದೆ. ಲಾಳಿ ಅಂದರೆ ನೂಲು ಹೊತ್ತು ಮಗ್ಗದಲ್ಲಿ ಅತ್ತಿತ್ತ ಓಡುವ ತುಂಡು, ಅದು ಹಾರೋದು ಸುಳ್ಳಲ್ಲ. ಬನಹಟ್ಟಿಯಲ್ಲಿ ಅದು ಯಾರಿಗೆ ಗೊತ್ತಿಲ್ಲ?

ಆಸ್ಪತ್ರೆಯಿಂದ ಪೂರ್ತಿ ಕೇಸ್ ಶೀಟ್ ತರಿಸಿದೆ. ಡಿಸ್ಚಾರ್ಜ್ ಕಾರ್ಡ್ ಅಲ್ಲ, ಪೂರ್ತಿ ಕೇಸ್ ಶೀಟ್. ಹಾಳೆ ಹಾಳೆ ತಿರುವಿದೆ. ಬಿಪಿ, ಟೆಂಪರೇಚರ್, ಸಲೈನ್, ಮತ್ತೆ ಬಿಪಿ. ಎರಡನೆಯ ರಾತ್ರಿಯ ಹಾಳೆಯ ತಳದಲ್ಲಿ ಡ್ಯೂಟಿ ಸಿಸ್ಟರ್ ಒಂದು ಸಾಲು ಗೀಚಿದ್ದರು. ರೋಗಿಗೆ ಎಡಗಣ್ಣು ಮಂಜು, ಡಾಕ್ಟರಿಗೆ ಹೇಳಿದೆ. ಅಷ್ಟೇ. ಕೆಳಗಿನ ಸಹಿ ಓದಲು ಬರುವಂತಿರಲಿಲ್ಲ. ಆ ತಾಯಿ ಯಾರು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಕೇಸು ನಿಂತಿದ್ದು ಆ ಒಂದು ಸಾಲಿನ ಮೇಲೆ.

ಆ ಸಾಲು ಸಿಕ್ಕಿದ್ದು ಅವನ ಪುಣ್ಯ. ಎಲ್ಲರಿಗೂ ಸಿಗೋದಿಲ್ಲ. ಅದಕ್ಕೇ ಮತ್ತೆ ಹೇಳುತ್ತೇನೆ. ತಲೆಗೆ, ಮುಖಕ್ಕೆ ಪೆಟ್ಟು ಬಿದ್ದವರು ಯಾರೇ ಇರಲಿ, ಜೊತೆಗೆ ಹೋದವರು ‘ಡಾಕ್ಟ್ರೇ, ಕಣ್ಣು ನೋಡಿ, ನೋಡಿದ್ದನ್ನು ಬರೆಯಿರಿ’ ಅಂತ ಕೇಳಿ. ನಾಚಿಕೆ ಬೇಡ. ಬಾವು ಇಳಿದ ದಿನವೇ ಒಂದೊಂದೇ ಕಣ್ಣು ಮುಚ್ಚಿ ಗೋಡೆಯ ಕ್ಯಾಲೆಂಡರ್ ಓದಿಸಿ. ಮಸುಕಾದರೆ ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ‘ಎಂಟು ದಿನ ನೋಡೋಣ’ ಅನ್ನುವ ಹಿರಿಯರು ಪ್ರತಿ ಮನೆಯಲ್ಲಿ ಒಬ್ಬರಿರುತ್ತಾರೆ. ಅವರ ಮಾತು ಇದೊಂದರಲ್ಲಿ ಕೇಳಬೇಡಿ. ಎದೆಹಾಲು, ಹರಳೆಣ್ಣೆ ಹಾಕಿಸಿಕೊಂಡು ಬರುವವರನ್ನು ನೋಡಿದರೆ ನನಗೆ ಸಿಟ್ಟೇ ಬರುತ್ತದೆ. ಕ್ಷಮಿಸಿ.

ಇನ್ನು ದುಡ್ಡಿನ ಲೆಕ್ಕ. ಕಣ್ಣಿನ ಡಾಕ್ಟರು ಈತನಿಗೆ ಶೇಕಡಾ 30 ಅಂಗವಿಕಲತೆ ಅಂತ ಬರೆದುಕೊಟ್ಟರು. ತಪ್ಪಲ್ಲ. 1923ರ ಕಾರ್ಮಿಕರ ಪರಿಹಾರ ಕಾಯ್ದೆಯ ಪಟ್ಟಿಯಲ್ಲೂ ಒಂದು ಕಣ್ಣಿನ ದೃಷ್ಟಿ ಹೋದರೆ 30, ಕಣ್ಣುಗುಡ್ಡೆಯೇ ಹೋದರೆ 40 ಅಂತಿತ್ತು. ಆದರೆ ವಾಹನ ಅಪಘಾತದ ಕೇಸಿನಲ್ಲಿ ದೇಹ ಎಷ್ಟು ಕೆಟ್ಟಿತು ಅನ್ನೋದಷ್ಟೇ ಲೆಕ್ಕ ಅಲ್ಲ, ದುಡಿಮೆ ಎಷ್ಟು ಕೆಟ್ಟಿತು ಅನ್ನೋದು ಲೆಕ್ಕ. ಸುಪ್ರೀಂ ಕೋರ್ಟ್ 2010ರಲ್ಲಿ ರಾಜಕುಮಾರ್ ವಿರುದ್ಧ ಅಜಯ್ ಕುಮಾರ್ ಕೇಸಿನಲ್ಲಿ ಇದನ್ನು ಬಿಡಿಸಿ ಹೇಳಿದೆ. ಕಿರಾಣಿ ಅಂಗಡಿಯವನಿಗೆ ಒಂದು ಕಣ್ಣು ಹೋದರೆ ಅಂಗಡಿ ನಡೆಯುತ್ತದೆ. ನೇಕಾರನಿಗೆ? ‘ಒಂದೇ ಕಣ್ಣಿರುವವರಿಗೆ ಎಳೆ ಎಷ್ಟು ದೂರ ಇದೆ ಅಂತ ಗೊತ್ತಾಗುತ್ತಾ?’ ಅಂತ ಡಾಕ್ಟರನ್ನು ಕೇಳಿದೆ. ‘ಕಷ್ಟ’ ಅಂದರು. ಕೋರ್ಟು ಅರ್ಧ ದುಡಿಮೆ ಹೋಗಿದೆ ಅಂತ ಹಿಡಿಯಿತು.

ವ್ಯತ್ಯಾಸ ನೋಡಿ. ತಿಂಗಳಿಗೆ 15,000 ದುಡಿಮೆ ಅಂತಿಟ್ಟುಕೊಳ್ಳಿ. ವರ್ಷಕ್ಕೆ 1,80,000. 34ರ ವಯಸ್ಸಿಗೆ ಅದನ್ನು 16ರಿಂದ ಗುಣಿಸುತ್ತಾರೆ. 28,80,000 ಆಯಿತು. ಶೇಕಡಾ 30 ಹಿಡಿದರೆ 8,64,000. ಅರ್ಧ ಹಿಡಿದರೆ 14,40,000. ಔಷಧದ ಖರ್ಚು, ನೋವಿನ ಪರಿಹಾರ, ಮುಂದೆ ಏರುತ್ತಿದ್ದ ಆದಾಯ, ಇವೆಲ್ಲ ಬೇರೆ. ಇಂಥ ಕೇಸನ್ನು ಊರ ಕಟ್ಟೆಯ ಮೇಲೆ ಕೂತು ಐವತ್ತು ಸಾವಿರಕ್ಕೆ ಮುಗಿಸುತ್ತಾರಲ್ಲ, ಅವರಿಗೆ ಈ ಗುಣಾಕಾರ ತೋರಿಸಿ.

ಅಯ್ಯೋ, ಟೈಮ್ ಆಗುತ್ತಾ ಬಂತು. ಬೇಗ ಬೇಗ ಹೇಳುತ್ತೇನೆ. ಪೊಲೀಸ್ ಕಂಪ್ಲೇಂಟ್ ತಕ್ಷಣ ಕೊಡಿ. ಟ್ರ್ಯಾಕ್ಟರಿಗೆ ಒಂದು ನಂಬರು, ಟ್ರೇಲರಿಗೆ ಇನ್ನೊಂದು. ಎರಡನ್ನೂ ಮೊಬೈಲಿನಲ್ಲಿ ಫೋಟೊ ಹೊಡೆಯಿರಿ. ಟ್ರೇಲರಿನ ಇನ್ಶೂರೆನ್ಸ್ ವಿಚಾರಕ್ಕೆ ಆಮೇಲೆ ದೊಡ್ಡ ಜಗಳ ಆಗುತ್ತದೆ. ಪರಿಹಾರದ ಅರ್ಜಿಗೆ ಅಪಘಾತದ ದಿನದಿಂದ ಆರು ತಿಂಗಳು ಅಂತ ಕಾನೂನು ಹೇಳುತ್ತದೆ. 2022ರ ಏಪ್ರಿಲ್ 1ರಿಂದ ಇದು ಬಂದಿದೆ. ಮುಂಚಿನ ಹಾಗೆ ವರ್ಷಗಟ್ಟಲೆ ಕೂರಬೇಡಿ. ಕಬ್ಬು ಕಡಿಯಲು ಸಾಂಗಲಿ, ಕೊಲ್ಹಾಪುರ ಕಡೆ ಹೋದಾಗ ಅಪಘಾತ ಆಯಿತಾ? ಅಲ್ಲಿಗೆ ಅಲೆಯಬೇಕಿಲ್ಲ, ನೀವು ವಾಸ ಇರುವ ಊರಿನ ಕೋರ್ಟಿನಲ್ಲೇ ಅರ್ಜಿ ಹಾಕಬಹುದು. ಗುದ್ದಿದ ಗಾಡಿ ಸಿಗಲೇ ಇಲ್ಲವಾ? ಆಗಲೂ ಒಂದು ಯೋಜನೆ ಇದೆ. ಸಾವಿಗೆ 2 ಲಕ್ಷ, ಭಾರೀ ಗಾಯಕ್ಕೆ 50,000. ಒಂದು ಕಣ್ಣಿನ ದೃಷ್ಟಿ ಶಾಶ್ವತವಾಗಿ ಹೋದರೂ ಅದು ಭಾರೀ ಗಾಯವೇ. ತಹಶೀಲ್ದಾರ್ ಕಚೇರಿಯಲ್ಲಿ ಕೇಳಿ.

ಇನ್ನೊಂದು. ಒಂದು ಕಣ್ಣು ಪೂರ್ತಿ ಸರಿ ಇದ್ದರೆ ಅಂಗವಿಕಲರ ಸರ್ಟಿಫಿಕೇಟಿನಲ್ಲಿ 30 ಮಾತ್ರ ಬರುತ್ತದೆ. ಸರ್ಕಾರದ ಸೌಲಭ್ಯಗಳಿಗೆ ಸಾಮಾನ್ಯವಾಗಿ 40 ಬೇಕು. ಅದಕ್ಕೆ ‘ನಮಗೇನೂ ಸಿಗಲ್ಲ’ ಅಂತ ಕೇಸನ್ನೂ ಬಿಟ್ಟವರನ್ನು ನಾನು ನೋಡಿದ್ದೇನೆ. ಅದು ಬೇರೆ, ಇದು ಬೇರೆ! ಈ 40ರ ಲೆಕ್ಕ ಅಪಘಾತದ ಕೇಸಿಗೆ ಇಲ್ಲವೇ ಇಲ್ಲ.

ವಕೀಲರಿಗೆ ಕೊಡಲು ದುಡ್ಡಿಲ್ಲದವರು ಕೋರ್ಟಿನಲ್ಲೇ ಇರುವ ಕಾನೂನು ಸೇವೆಗಳ ಕಚೇರಿಗೆ ಹೋಗಿ. ಫೋನ್ ಮಾಡುವುದಾದರೆ 15100. ಹೋಗುವಾಗ ಆ ಮೊದಲ ಕಾಗದ ಮರೆಯಬೇಡಿ. ಅದರಲ್ಲಿ ಕಣ್ಣಿನ ಮಾತಿಲ್ಲದಿದ್ದರೆ ಮೊದಲು ಆಸ್ಪತ್ರೆಗೆ ಹೋಗಿ ಪೂರ್ತಿ ಕೇಸ್ ಶೀಟ್ ಕೇಳಿ. ರಾತ್ರಿ ಡ್ಯೂಟಿಯ ಹಾಳೆಗಳನ್ನೂ ಸೇರಿಸಿ. ನಮಸ್ಕಾರ.