ತುಟಿಗೆ ಅರ್ಧ ಬಣ್ಣ ಯಾಕೆ? ಕ್ಯೋಟೊದ ಮೈಕೊ ಗೇಕೊ ಆಗುವ ಹಾದಿ

[ದೃಶ್ಯ: ಜಪಾನಿನ ಕ್ಯೋಟೊ ನಗರ, ಗಿಯೋನ್ ಕೇರಿಯ ಓಣಿ, ಸಂಜೆ. ಮುಖದ ಕ್ಲೋಸ್‌ಅಪ್]

ಈ ಹುಡುಗಿಯ ತುಟಿ ನೋಡಿ. ಕೆಳತುಟಿಗಷ್ಟೇ ಕೆಂಪು, ಮೇಲ್ತುಟಿ ಬೆಳ್ಳಗೇ ಇದೆ. ಅಲಂಕಾರ ಅರ್ಧಕ್ಕೆ ನಿಂತಿಲ್ಲ. ಈಕೆ ಈ ವೃತ್ತಿಗೆ ಹೊಸಬಳು, ಇನ್ನೂ ಮೊದಲ ವರ್ಷ ಅಂತ ಆ ತುಟಿ ಹೇಳ್ತಿದೆ.

ಟೋಕಿಯೊದಲ್ಲಿ ಗೇಶಾ ಅನ್ನೋರನ್ನ ಕ್ಯೋಟೊದಲ್ಲಿ ಗೇಕೊ ಅಂತಾರೆ. 'ಗೇ' ಅಂದ್ರೆ ಕಲೆ. ಗೇಕೊ ಆಗೋಕೆ ಮುಂಚೆ ಕಲಿಯೋ ಹುಡುಗಿ ಮೈಕೊ. ನಾಟ್ಯ, ಸಂಗೀತ, ಅತಿಥಿಗಳ ಜೊತೆ ಮಾತುಕತೆ, ಇದೇ ಇವರ ಕೆಲಸ. ವೇಶ್ಯಾವೃತ್ತಿಗೆ ಗಂಟು ಹಾಕೋದು ತಪ್ಪು, ಇವರಿಗೆ ಮಾಡೋ ಅವಮಾನ.

[ದೃಶ್ಯ: ಒಕಿಯಾದ ಜಗಲಿ ಒರೆಸ್ತಿರೋ ಹುಡುಗಿ]

15ನೇ ವಯಸ್ಸಿಗೆ ಮಾಧ್ಯಮಿಕ ಶಾಲೆ ಮುಗಿಸಿದ ಹುಡುಗಿ 'ಒಕಿಯಾ' ಅನ್ನೋ ಮನೆ ಸೇರ್ತಾಳೆ. ಮನೆಯೊಡತಿಯನ್ನ 'ಒಕಾಸಾನ್', ಅಂದ್ರೆ ಅಮ್ಮ ಅಂತಲೇ ಕರೀಬೇಕು. ಸಂಬಳ ಇಲ್ಲ, ಕೈಖರ್ಚಿಗೆ ಮಾತ್ರ ದುಡ್ಡು. ಊಟ, ಪಾಠ, ಕಿಮೊನೊ ಎಲ್ಲದರ ಖರ್ಚು ಮನೆಯದ್ದು. ಅದಕ್ಕೆ ಪ್ರತಿಯಾಗಿ ಐದಾರು ವರ್ಷ ಆ ಮನೆಗೆ ದುಡೀಬೇಕು.

ಮೊದಲ ಹಂತ 'ಶಿಕೋಮಿ', ಹೆಚ್ಚುಕಮ್ಮಿ ಒಂದು ವರ್ಷ. ಗುಡಿಸೋದು, 'ಅಕ್ಕ' ಅಂತ ಕರೆಯೋ ಹಿರಿಯ ಮೈಕೊ, ಗೇಕೊಗಳಿಗೆ ಉಡಿಸೋಕೆ ಕೈ ಹಾಕೋದು, ನಾಟ್ಯದ ಪಾಠ. ಜೊತೆಗೆ ಹುಟ್ಟೂರಿನ ಮಾತಿನ ಧಾಟಿ ಬಿಟ್ಟು ಕ್ಯೋಟೊದ ಮೆದುಮಾತು ನಾಲಿಗೆಗೆ ಹತ್ತಿಸ್ಕೋಬೇಕು. ಆಮೇಲೆ ಸುಮಾರು ಒಂದು ತಿಂಗಳು 'ಮಿನಾರಾಯ್': ಗೇಕೊಗಳು ಅತಿಥಿಗಳನ್ನ ರಂಜಿಸೋ ಟೀ ಮನೆಯಲ್ಲಿ ಕೂತು ನೋಡಿ ಕಲಿಯೋದು. ಆಗ ಸೊಂಟಕ್ಕೆ ಸುತ್ತಿ ಬೆನ್ನ ಹಿಂದೆ ಇಳಿಬಿಡೋ 'ಒಬಿ' ಅನ್ನೋ ಬಟ್ಟೆ ಪಟ್ಟಿಯೂ ಅರ್ಧ ಉದ್ದದ್ದೇ. ಕೊನೆಗೆ ಅಕ್ಕನ ಜೊತೆ ಮೂರು ಬಟ್ಟಲು 'ಸಾಕೆ' ಅನ್ನೋ ಅಕ್ಕಿ ಮದ್ಯ, ಒಂದೊಂದರಲ್ಲಿ ಮೂರು ಗುಟುಕು ಹಂಚ್ಕೊಂಡು, ಅಕ್ಕನ ಹೆಸರಿನ ಒಂದು ಅಕ್ಷರ ಸೇರಿಸಿದ ಹೊಸ ಹೆಸರು ಪಡೆದು ಮೈಕೊ ಆಗ್ತಾಳೆ.

[ದೃಶ್ಯ: ಕತ್ತಿನ ಹಿಂಭಾಗ, ಕುಂಚ]

ಮುಖಕ್ಕೆ ಮೊದಲು 'ಬಿನ್‌ತ್ಸುಕೆ' ಅನ್ನೋ ಮೇಣ, ಅಂಗೈಯಲ್ಲಿ ಬಿಸಿ ಮಾಡಿ ತೆಳ್ಳಗೆ ಹಚ್ಚೋದು. ಇದು ಹೆಚ್ಚುಕಮ್ಮಿಯಾದ್ರೆ ಅದರ ಮೇಲೆ ಹಚ್ಚೋ ಬಿಳಿ ಬಣ್ಣ ತೇಪೆತೇಪೆಯಾಗುತ್ತೆ. ಕತ್ತಿನ ಹಿಂದೆ ಎರಡು ಮೊನೆಯ ಆಕಾರದಲ್ಲಿ ಚರ್ಮವನ್ನ ಬಣ್ಣ ಹಚ್ಚದೆ ಬಿಡ್ತಾರೆ, ವಿಶೇಷ ದಿನ ಮೂರು ಮೊನೆ.

ಕಷ್ಟ ಇರೋದು ಕೂದಲಲ್ಲಿ. ಮೈಕೊದು ವಿಗ್ ಅಲ್ಲ, ಸ್ವಂತ ಕೂದಲು. ವಾರಕ್ಕೊಮ್ಮೆ ಕಟ್ಟಿಸಿದ ತುರುಬು ಕೆಡಬಾರದು, ಅದಕ್ಕೇ ಎತ್ತರದ ದಿಂಬಿನ ಮೇಲೆ ಕತ್ತಿಟ್ಟು ನಿದ್ದೆ. ನೆತ್ತಿಯ ಕೂದಲನ್ನ ವರ್ಷಗಟ್ಟಲೆ ಬಿಗಿದು ಎಳೆದು ಕಟ್ಟಿ, ಎಷ್ಟೋ ಜನರಿಗೆ ಅಲ್ಲಿ ನಾಣ್ಯದಷ್ಟು ಬೋಳಾಗುತ್ತೆ. ಐದು ಮೀಟರ್ ದಾಟೋ ಒಬಿ ಬಿಗಿಯೋಕೆ ಗಂಡಾಳಿನ ಬಲವೇ ಬೇಕು, ಅದಕ್ಕೇ 'ಒತೊಕೊಶಿ' ಅನ್ನೋ ಉಡಿಸುವ ಗಂಡಸರು ಬರ್ತಾರೆ. ಕಾಲಿಗೆ ಸುಮಾರು 10 ಸೆಂ.ಮೀ. ಎತ್ತರದ 'ಒಕೊಬೊ' ಅನ್ನೋ ಮರದ ಪಾದರಕ್ಷೆ.

[ದೃಶ್ಯ: ರಂಗದ ಮೇಲೆ ನಾಟ್ಯ]

ಗಿಯೋನ್ ಕೋಬು ಅನ್ನೋ ಗೇಕೊ ಕೇರಿಯಲ್ಲಿ ಕಲಿಸೋದು ಇನೊಉಎ ಅನ್ನೋ ನಾಟ್ಯ ಶೈಲಿ. ಸೊಂಟ ತಗ್ಗಿಸಿ, ಮುಖದಲ್ಲಿ ಭಾವ ತೋರಿಸದೆ ಕುಣಿಯೋದು. 1872ರಲ್ಲಿ ಶುರುವಾದ 'ಮಿಯಾಕೊ ಒದೊರಿ' ಅನ್ನೋ ನಾಟ್ಯ ಪ್ರದರ್ಶನ ಪ್ರತಿ ಏಪ್ರಿಲ್‌ನಲ್ಲಿ ನಡೆಯುತ್ತೆ, ಟಿಕೆಟ್ ತಗೊಂಡು ಯಾರು ಬೇಕಾದ್ರೂ ನೋಡಬಹುದು. ವಯಸ್ಸಾದ ಗೇಕೊಗಳೂ ಪಾಠ ಬಿಡೋದಿಲ್ಲ.

20ನೇ ವಯಸ್ಸಿನ ಆಸುಪಾಸಿನಲ್ಲಿ 'ಎರಿಕಾಎ', ಅಂದ್ರೆ ಕೊರಳಪಟ್ಟಿ ಬದಲಾವಣೆ: ಕಸೂತಿಯ ಕೆಂಪು ಕೊರಳಪಟ್ಟಿ ಹೋಗಿ ಬಿಳಿ ಬರುತ್ತೆ, ಸ್ವಂತ ತುರುಬಿನ ಜಾಗಕ್ಕೆ ವಿಗ್ ಬರುತ್ತೆ. ಈಗ ಗೇಕೊ. ಕುಣಿಯೋಳು 'ತಾಚಿಕಾತ', 'ಶಾಮಿಸೆನ್' ಅನ್ನೋ ತಂತಿವಾದ್ಯ ನುಡಿಸಿ ಹಾಡೋಳು 'ಜಿಕಾತ'.

[ದೃಶ್ಯ: ಮತ್ತೆ ಓಣಿ]

ಗಿಯೋನ್‌ನಲ್ಲಿ ಹಗಲು ಹೊತ್ತು ಫೋಟೊಗೆ ನಿಂತಿರೋರು ಬಹುತೇಕ ಬಾಡಿಗೆ ವೇಷದ ಪ್ರವಾಸಿಗರು. ನಿಜವಾದ ಮೈಕೊ ಸಂಜೆ ಕೆಲಸಕ್ಕೆ ಬಿರಬಿರನೆ ಹೋಗ್ತಿರ್ತಾಳೆ. ಅಡ್ಡ ನಿಲ್ಲಬೇಡಿ, ತೋಳು ಹಿಡೀಬೇಡಿ.